ನಾಲ್ಕು ಇಂಗ್ಲಿಷ್ ವಾಕ್ಯ ಹವಾಯಿ ಮಂತ್ರವಲ್ಲ

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳ ಭಾಷೆಯ ಬಗ್ಗೆ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. "ಅಲೋಹ" ಪ್ರೀತಿಯೂ ಹೌದು, ನಮಸ್ಕಾರವೂ ಹೌದು. "ಮಹಾಲೊ" ಎಂದರೆ ಕೃತಜ್ಞತೆ. ಆ ಪದಗಳ ಅರ್ಥಕ್ಕೆ ಸದ್ಯ ಇಷ್ಟು ಸಾಕು. ಪದೇ ಪದೇ ಬರುವ ಪ್ರಶ್ನೆ ಬೇರೆಯೇ ಇದೆ.

ಪ್ರಶ್ನೆ: ಹೊ’ಒಪೊನೊಪೊನೊ ಎಂಬ ಪ್ರಾಚೀನ ಹವಾಯಿ ಮಂತ್ರವನ್ನು ದಿನಕ್ಕೆ 108 ಸಲ ಹೇಳಿದರೆ ಸಾಲ ತೀರುತ್ತದೆ, ಕಾಯಿಲೆ ವಾಸಿಯಾಗುತ್ತದೆ ಎಂದು ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. ಸರಿಯಾದ ಉಚ್ಚಾರಣೆ ತಿಳಿಸಿ.

ಉಚ್ಚಾರಣೆ ಹಾಗಿರಲಿ. ಆ ವಿಡಿಯೊಗಳಲ್ಲಿ ಹೇಳಿಸುವುದು ಏನನ್ನು? "ಐ ಆ್ಯಮ್ ಸಾರಿ, ಪ್ಲೀಸ್ ಫರ್‌ಗಿವ್ ಮಿ, ಥ್ಯಾಂಕ್ ಯು, ಐ ಲವ್ ಯು." ಇದರಲ್ಲಿ ಹವಾಯಿಯ ಒಂದು ಪದವಾದರೂ ಇದೆಯೇ? ಆ ಭಾಷೆಯಲ್ಲಿ ಕ್ಷಮೆ ಕೇಳುವುದು "ಎ ಕಲ ಮೈ" ಎಂದು. ಮಂತ್ರ ಕಲಿಸುವವರ ಬಾಯಲ್ಲಿ ಈ ಮಾತನ್ನು ನಾನು ಇನ್ನೂ ಕೇಳಿಲ್ಲ.

ಪದವನ್ನು ಬಿಡಿಸಿ ನೋಡಿ. "ಪೊನೊ" ಎಂದರೆ ಸರಿ, ನ್ಯಾಯ, ಇರಬೇಕಾದ ಹಾಗೆ ಇರುವುದು. ನಮ್ಮ "ಇಸು" ಪ್ರತ್ಯಯ ಪದದ ಕೊನೆಯಲ್ಲಿ ಮಾಡುವ ಕೆಲಸವನ್ನು ಅವರ "ಹೊ’ಒ" ಪದದ ಮೊದಲಿಗೆ ಬಂದು ಮಾಡುತ್ತದೆ. "ಮಕ’ಉ" ಎಂದರೆ ಹೆದರು, "ಹೊ’ಒಮಕ’ಉ" ಎಂದರೆ ಹೆದರಿಸು. ಅದೇ ಲೆಕ್ಕದಲ್ಲಿ ಹೊ’ಒಪೊನೊಪೊನೊ ಎಂದರೆ ಸರಿಪಡಿಸು. ಮನೆ ಓರಣ ಮಾಡುವುದಕ್ಕೂ ಈ ಪದ ಬರುತ್ತದೆ, ಬರಹ ತಿದ್ದುವುದಕ್ಕೂ ಬರುತ್ತದೆ. ಪತ್ರಿಕೆಯ ಸಂಪಾದಕರನ್ನು ಅಲ್ಲಿ "ಲುನ ಹೊ’ಒಪೊನೊಪೊನೊ" ಎನ್ನುತ್ತಾರೆ. ಇದನ್ನು ಜಪಮಾಲೆ ಹಿಡಿದು ಎಣಿಸುವುದು ಹೇಗೆ?

ಮನೆಮಂದಿಯೊಳಗೆ ಜಗಳ, ಮುನಿಸು ಬಂದಾಗ ನಡೆಯುವ ಪಂಚಾಯಿತಿಗೂ ಇದೇ ಹೆಸರು. ಮನೆಯ ಹಿರಿಯರೋ ಎಲ್ಲರೂ ಗೌರವಿಸುವ ಇನ್ನೊಬ್ಬರೋ ನಡುವೆ ಕೂರುತ್ತಾರೆ. ಪ್ರಾರ್ಥನೆಯಾದ ಮೇಲೆ ಮಾತು ಶುರು. ಅಣ್ಣ ತಮ್ಮನ ಮೇಲೆ ನೇರ ಹರಿಹಾಯುವಂತಿಲ್ಲ, ಹೇಳುವುದನ್ನೆಲ್ಲ ಹಿರಿಯರಿಗೆ ಹೇಳಬೇಕು. ಮಾತು ಬಿಸಿಯಾದರೆ ಅವರು ಎಲ್ಲರನ್ನೂ ಸುಮ್ಮನೆ ಕೂರಿಸುತ್ತಾರೆ. ತಪ್ಪಿಗೆ "ಹಲ" ಎನ್ನುತ್ತಾರೆ, ಅದರಿಂದ ಸಂಬಂಧಗಳು ಸಿಕ್ಕುಸಿಕ್ಕಾಗುವುದಕ್ಕೆ "ಹಿಹಿಅ". ಆ ಸಿಕ್ಕನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತ ಹೋಗಬೇಕು. ತಪ್ಪು ಮಾಡಿದವರು ಒಪ್ಪಿಕೊಳ್ಳಬೇಕು, ನಷ್ಟವಾಗಿದ್ದರೆ ತುಂಬಿಕೊಡಬೇಕು. ಆಮೇಲೆ "ಕಲ", ಅಂದರೆ ಬಿಚ್ಚುವುದು: ಗಂಟು ಬಿಚ್ಚಿದ ಹಾಗೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಆ ತಪ್ಪಿನಿಂದ ಬಿಡುಗಡೆ ಮಾಡಬೇಕು. ಕೊನೆಗೆ ಎಲ್ಲರೂ ಸೇರಿ ಊಟ. ಒಂದೇ ಸಲ ಕೂತು ಮುಗಿಯದೆ ದಿನಗಟ್ಟಲೆ ನಡೆಯುವುದೂ ಉಂಟು.

ಇದನ್ನು ಒಬ್ಬರೇ ಮಾಡಿಕೊಳ್ಳುವ ವಿಧಾನವಾಗಿ ಬದಲಿಸಿದವರು ಹವಾಯಿಯ ನಾಟಿವೈದ್ಯೆ ಮೊರ್ನಾ ಸಿಮೆಯೋನಾ, 1976ರ ಹೊತ್ತಿಗೆ. ಈ ನಾಲ್ಕು ವಾಕ್ಯ ಜಗತ್ತಿಗೆಲ್ಲ ಹಬ್ಬಿದ್ದು 2007ರ ಒಂದು ಇಂಗ್ಲಿಷ್ ಪುಸ್ತಕದಿಂದ. ಪ್ರಾಚೀನ ಎನ್ನುವವರು ಈ ಇಸವಿಗಳನ್ನು ನೋಡಲಿ. ಎದುರಿಗೆ ಕೂತು ತಪ್ಪೊಪ್ಪಿಕೊಳ್ಳುವ ಕಷ್ಟವನ್ನೇ ಕಿತ್ತುಹಾಕಿ ಹಣ ಸೆಳೆಯುವ ಸೂತ್ರವೆಂದು ಮಾರುತ್ತಿದ್ದಾರಲ್ಲ, ನನ್ನ ಸಿಟ್ಟು ಅದಕ್ಕೆ. ಹೇಳಿಕೊಂಡರೆ ಮನಸ್ಸಿಗೆ ಸಮಾಧಾನ ಎನಿಸಿದರೆ ಹೇಳಿಕೊಳ್ಳಿ, ಕನ್ನಡದಲ್ಲೇ ಹೇಳಿಕೊಳ್ಳಿ. ಅದಕ್ಕೆ ಶುಲ್ಕ ಕಟ್ಟಬೇಡಿ. ಇದನ್ನು ನಂಬಿ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಅಲೋಹ ಎಂದರೆ "ಅಲೊ" ಮತ್ತು "ಹಾ" ಸೇರಿ "ಉಸಿರಿನ ಸಾನ್ನಿಧ್ಯ"ವಂತೆ, ನಿಜವೇ?

ಅಲ್ಲ. ಹವಾಯಿಯ ಸೋದರ ಭಾಷೆಗಳಲ್ಲೂ ಅದೇ ಪದವಿದೆ: ನ್ಯೂಜಿಲೆಂಡಿನ ಮಾವೊರಿಯಲ್ಲಿ "ಅರೊಹ", ಸಮೋವದಲ್ಲಿ "ಅಲೊಫ". ಹವಾಯಿಗೆ ಜನ ಹೋಗಿ ನೆಲೆಸುವ ಮೊದಲೇ ಇಡಿಯಾಗಿದ್ದ ಪದವನ್ನು ಈಗ ಕತ್ತರಿಸಿ ಅರ್ಥ ತೆಗೆಯುತ್ತಿದ್ದಾರೆ.

ಪ್ರಶ್ನೆ: ಹವಾಯಿ ಭಾಷೆ ಸಂಸ್ಕೃತದಿಂದ ಬಂದಿದೆಯೇ?

ಇಲ್ಲ. ಅದು ಪೆಸಿಫಿಕ್ ದ್ವೀಪಗಳಲ್ಲೆಲ್ಲ ಹರಡಿರುವ ಆಸ್ಟ್ರೋನೇಷ್ಯನ್ ಭಾಷಾ ಕುಟುಂಬದ್ದು.

ಪ್ರಶ್ನೆ: ಅದು ಸತ್ತ ಭಾಷೆ ಎಂದು ಓದಿದ್ದೆ.

ಹಾಗೆ ಬರೆದವರು ಮತ್ತೊಮ್ಮೆ ವಿಚಾರಿಸಲಿ. 1834ರಿಂದ 1948ರವರೆಗೆ ಪತ್ರಿಕೆಗಳು ನಡೆದ ಭಾಷೆ ಅದು. ಆಗ ಸ್ವತಂತ್ರ ದೇಶವಾಗಿದ್ದ ಹವಾಯಿಯ ರಾಣಿ ಲಿಲಿ’ಉಒಕಲಾನಿಯನ್ನು 1893ರಲ್ಲಿ ಪಟ್ಟದಿಂದ ಇಳಿಸಿದವರು 1896ರ ಕಾನೂನಿನಿಂದ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಕಡ್ಡಾಯ ಮಾಡಿದರು. ಹವಾಯಿ ಮಾತಾಡಿದ ಮಕ್ಕಳು ಶಾಲೆಯಲ್ಲಿ ಪೆಟ್ಟು ತಿಂದರು. ಆ ಮಕ್ಕಳು ತಂದೆತಾಯಿಯಾದಾಗ ಮನೆಯಲ್ಲೂ ಆಡಲಿಲ್ಲ. 1978ರಲ್ಲಿ, ಅಷ್ಟರಲ್ಲಿ ಅಮೆರಿಕದ ರಾಜ್ಯವಾಗಿದ್ದ ಹವಾಯಿಯ ಸಂವಿಧಾನ ಅದನ್ನು ಅಧಿಕೃತ ಭಾಷೆ ಎಂದಿತು, ಆದರೆ 1980ರ ದಶಕದ ಆರಂಭದಲ್ಲಿ ಅದನ್ನಾಡುವ ಮಕ್ಕಳು 50ಕ್ಕಿಂತ ಕಡಿಮೆ ಎಂಬ ಸ್ಥಿತಿ. ಮಕ್ಕಳಿಗೂ ಮನೆಮಾತಾಗಿ ಉಳಿದದ್ದು ನಿಹಾವು ಎಂಬ ಪುಟ್ಟ ದ್ವೀಪದವರ ಬಾಯಲ್ಲಿ. 1984ರಲ್ಲಿ ಕವಾಯಿ ದ್ವೀಪದ ಕೆಕಹದಲ್ಲಿ ಮೊದಲ "ಪೂನಾನ ಲೆಒ" ತೆರೆಯಿತು. ಅದು ಶಿಶುವಿಹಾರ, ಹೆಸರಿಗೆ ಮಾತಿನ ಗೂಡು ಎಂದರ್ಥ. ಒಳಗೆ ಹವಾಯಿ ಬಿಟ್ಟು ಬೇರೆ ಮಾತಿಲ್ಲ. ಅಲ್ಲಿಂದ ಸರ್ಕಾರಿ ಶಾಲೆಗೆ, ಶಾಲೆಯಿಂದ ಹಿಲೊ ಊರಿನ ವಿಶ್ವವಿದ್ಯಾಲಯಕ್ಕೆ ದಾರಿಯಾಯಿತು. ಅಲ್ಲಿ ಓದಿದವರು ಈಗ ತಮ್ಮ ಮಕ್ಕಳಿಗೆ ಅದೇ ಭಾಷೆಯಲ್ಲಿ ಉಣ್ಣಿಸುತ್ತಿದ್ದಾರೆ. ಅಪಾಯ ಕಳೆದಿದೆ ಎನ್ನಲಾರೆ. ಸತ್ತಿದೆ ಎಂದರೆ ಒಪ್ಪಲಾರೆ.

ಪ್ರಶ್ನೆ: ಅಕ್ಷರ ಹದಿಮೂರೇ ಅಂತೆ. ಮೂವತ್ತು ದಿನದಲ್ಲಿ ಕಲಿಯಬಹುದೇ?

ಆಗದು. "ನಾವು" ಎನ್ನಲೇ ಅಲ್ಲಿ ನಾಲ್ಕು ಪದ. ನೀವೂ ಸೇರಿದ ನಾವೆಲ್ಲ "ಕಾಕೊಉ", ನಿಮ್ಮನ್ನು ಬಿಟ್ಟು ನಾವು "ಮಾಕೊಉ". ಇಬ್ಬರೇ ಇದ್ದರೆ "ಕಾಉಅ", "ಮಾಉಅ". ತುಳುವಿನ "ನಮ", "ಎಂಕುಳು" ಬಲ್ಲವರಿಗೆ, ಹವ್ಯಕರ "ನಾವು", "ಎಂಗೊ" ಬಲ್ಲವರಿಗೆ ಅರ್ಧ ದಾರಿ ಸುಲಭ. ಹದಿಮೂರರಲ್ಲಿ ಒಂದು ಒಕಿನ: ಗಂಟಲನ್ನು ಅರೆಕ್ಷಣ ಮುಚ್ಚಿ ತೆರೆಯುವ ವ್ಯಂಜನ. ಇಲ್ಲಿ ’ ಚಿಹ್ನೆಯಿಂದ ತೋರಿಸಿದ್ದೇನೆ. "ಕೊ’ಉ" ಎಂದರೆ ನನ್ನ, "ಕೊಉ" ಎಂದರೆ ನಿನ್ನ. ಈ ಎರಡನ್ನು ಕಿವಿ ಬೇರೆ ಬೇರೆಯಾಗಿ ಹಿಡಿಯುವವರೆಗೆ ಮುಂದಿನ ಪಾಠಕ್ಕೆ ಹೋಗಬೇಡಿ.