ಬರ್ಲಿನ್ನಿಗೆ ಹೊಸದಾಗಿ ಬಂದ ತಮ್ಮನಿಗೆ

ತಮ್ಮಾ, ನೀನು ಕೇಳಿದ್ದನ್ನು ಓದಿದೆ. ನೊಯ್‌ಕ್ಯೋಲ್ನ್‌ನಲ್ಲಿ ರೂಮು ಸಿಕ್ಕಿದೆ, ಜೊತೆಗಿರುವ ಹುಡುಗ ಲೆಬನಾನ್‌ನಲ್ಲಿ ಹುಟ್ಟಿದ ಪ್ಯಾಲೆಸ್ಟೀನಿಯ, ಅವನ ಕಾರ್ಡಿನಲ್ಲಿ ರಾಷ್ಟ್ರೀಯತೆಯ ಜಾಗದಲ್ಲಿ ‘ಉನ್‌ಗೆಕ್ಲೆರ್ಟ್’ ಅಂತಿದೆ, ಒಂದೇ ಮನೆಯಲ್ಲಿದ್ದರೆ ನನ್ನ ವೀಸಾಕ್ಕೆ ತೊಂದರೆಯಾ ಅಂದಿದ್ದೀಯ. ಅಡ್ವಾನ್ಸು, ಅಕ್ಕಿ ಬಗ್ಗೆಯೂ ಕೇಳಿದ್ದೀಯ.

ಅಡ್ವಾನ್ಸು ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದಲ್ಲ, ಮೂರು ತಿಂಗಳ ಬಾಡಿಗೆ ಮೀರಿ ಕೇಳುವಂತಿಲ್ಲ. ವಿಳಾಸದ ನೋಂದಣಿ ಎರಡು ವಾರದೊಳಗೆ ಮಾಡಿಸು. ಸೋನಾಮಸೂರಿ ಸಿಗುತ್ತೆ.

ವೀಸಾಕ್ಕೆ ಏನೂ ಆಗುವುದಿಲ್ಲ. ಅವನ ಕಾರ್ಡಿನಲ್ಲಿರುವ ಆ ಪದದ ಅರ್ಥ ರಾಷ್ಟ್ರೀಯತೆ ‘ಇತ್ಯರ್ಥವಾಗಿಲ್ಲ’ ಅಂತ ಅಷ್ಟೇ. ಭಾರತ ಪ್ಯಾಲೆಸ್ಟೀನನ್ನು ದೇಶವೆಂದು 1988ರಲ್ಲೇ ಒಪ್ಪಿದೆ, ಜರ್ಮನಿ ಒಪ್ಪಿಲ್ಲ. ಲೆಬನಾನ್ ಪ್ಯಾಲೆಸ್ಟೀನಿಯರಿಗೆ ಪೌರತ್ವ ಕೊಡುವುದಿಲ್ಲ, ಎಷ್ಟೋ ವೃತ್ತಿಗಳನ್ನು ಮಾಡಲು ಬಿಡುವುದಿಲ್ಲ, 2001ರಿಂದ ಆಸ್ತಿ ಕೊಳ್ಳುವುದಕ್ಕೂ ತಡೆ. ಅಲ್ಲಿನ ಶಿಬಿರಗಳಲ್ಲಿ ಶಾಲೆ, ಚಿಕಿತ್ಸಾಲಯ ನಡೆಸುವುದು ಪ್ಯಾಲೆಸ್ಟೀನಿಯ ನಿರಾಶ್ರಿತರಿಗೆಂದೇ ಇರುವ ವಿಶ್ವಸಂಸ್ಥೆಯ ಸಂಸ್ಥೆ ಅನ್‌ರ್ವಾ. ಆ ನೆರವು ಪಡೆಯುತ್ತಿರುವವರು 1951ರ ನಿರಾಶ್ರಿತರ ಒಪ್ಪಂದದಿಂದಲೂ 1954ರ ದೇಶರಹಿತರ ಒಪ್ಪಂದದಿಂದಲೂ ಹೊರಗೆ. ಆ ನೆರವು ತಮ್ಮ ಕೈಮೀರಿ ತಪ್ಪಿಹೋಯಿತು ಎಂದು ತೋರಿಸಿದರೆ ನಿರಾಶ್ರಿತರ ಹಕ್ಕು ಸಿಗಬೇಕೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರಲ್ಲಿ ಹೇಳಿತು. ತೋರಿಸುವುದೇ ಕಷ್ಟ.

2006ರಲ್ಲಿ ಬಂದಾಗ ನನಗೂ ನಿನ್ನದೇ ಭಯವಿತ್ತು. ಕೆಳಮನೆಯ ಹಿರಿಯರು ಲೆಬನಾನಿನ ಸೈದಾ ಪಕ್ಕದ ಐನ್ ಅಲ್-ಹಿಲ್ವೆ ಶಿಬಿರದಲ್ಲಿ ಹುಟ್ಟಿದವರು. 1982ರ ಲೆಬನಾನ್ ಯುದ್ಧದ ನಂತರ ಪೂರ್ವ ಬರ್ಲಿನ್ನಿಗೆ ವಿಮಾನದಲ್ಲಿ ಬಂದು, ಫ್ರೀಡ್ರಿಷ್‌ಸ್ಟ್ರಾಸೆಯಿಂದ ರೈಲಿನಲ್ಲಿ ಪಶ್ಚಿಮ ಬರ್ಲಿನ್ನಿಗೆ ದಾಟಿದವರು. ಊರು ಯಾವುದು ಅಂತ ನಮ್ಮ ಅಭ್ಯಾಸದಂತೆ ಕೇಳಿದೆ. ಈಗ ಇಸ್ರೇಲಿನಲ್ಲಿರುವ ಸಫದ್ ಹತ್ತಿರದ ಒಂದು ಹಳ್ಳಿಯ ಹೆಸರು ಹೇಳಿದರು. ಅವರಪ್ಪ 1948ರ ಯುದ್ಧದಲ್ಲಿ ಬಿಟ್ಟುಬಂದ ಹಳ್ಳಿ, ಇವರು ಕಣ್ಣಲ್ಲೂ ಕಂಡಿರಲಿಲ್ಲ. ಮೊದಲ ಚಳಿಗಾಲ ನಾನು ಹೊದ್ದ ಕೋಟು ಅವರದು.

ಅವರ ಹತ್ತಿರ ಇದ್ದದ್ದು ‘ಡುಲ್ಡುಂಗ್’. ಸದ್ಯಕ್ಕೆ ಗಡೀಪಾರು ಮಾಡುವುದಿಲ್ಲ ಅನ್ನುವ ಕಾಗದ ಅಷ್ಟೇ, ಮೂರು ತಿಂಗಳಿಗೊಮ್ಮೆ ಮೊಹರು. 2007ರಲ್ಲಿ, ಎಂಟು ವರ್ಷ ಮೀರಿ ಹೀಗೇ ಇದ್ದವರಿಗೆ ವಾಸದ ಪರವಾನಗಿ ಕೊಡುವ ಕಾನೂನು ಬಂತು. ದುಡಿದು ಬದುಕುತ್ತೇನೆ ಅಂತ ತೋರಿಸಬೇಕಿತ್ತು. ‘ನಿಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಮಾತು ಹೇಳಪ್ಪಾ’ ಅಂದರು. ಕ್ಯಾಂಟೀನಿಗೆ ಆಳು ಬೇಕು ಅನ್ನುವ ಚೀಟಿ ನಾನೇ ನೋಡಿದ್ದೆ. ನನ್ನ ವೀಸಾ ಅದೇ ಕೆಲಸಕ್ಕೆ ಕಟ್ಟಿತ್ತು, ಯಾಕೆ ಹೆಸರು ಕೆಡಿಸಿಕೊಳ್ಳುವುದು ಅಂದುಕೊಂಡು ಹೇಳಲಿಲ್ಲ. ಮೂರು ಸಲ ಕೇಳಿದರು, ಮೂರು ಸಲವೂ ‘ನೋಡ್ತೀನಿ’ ಅಂದೆ.

ಅವರಿಗೆ ಬೇಕರಿಯಲ್ಲಿ ಕೆಲಸ ಸಿಕ್ಕಿದ್ದು ಮರುವರ್ಷ. ಅಷ್ಟರಲ್ಲಿ ಶಿಬಿರದಲ್ಲಿದ್ದ ತಾಯಿ ತೀರಿಕೊಂಡಿದ್ದರು. ಡುಲ್ಡುಂಗ್ ಇದ್ದವರು ಗಡಿ ದಾಟಿದರೆ ಅದು ಅಲ್ಲಿಗೇ ರದ್ದು, ಮಣ್ಣಿಗೆ ಹೋಗಲಾಗಲಿಲ್ಲ. ಅದೇ ವರ್ಷ ಅಪ್ಪನಿಗೆ ಹುಷಾರಿಲ್ಲ ಅಂದಾಗ ನಾನು ಎರಡೇ ದಿನದಲ್ಲಿ ಶಿವಮೊಗ್ಗದಲ್ಲಿದ್ದೆ. ವಾಪಸು ಬಂದಾಗ ಮೊದಲು ಬಾಗಿಲು ತಟ್ಟಿ ‘ತಂದೆ ಹೇಗಿದ್ದಾರೆ’ ಅಂತ ಕೇಳಿದವರು ಅವರೇ.

ನಿನ್ನ ಜೊತೆಗಾರನಿಗೆ ಹೇಳು: ಅನ್‌ರ್ವಾ ನೋಂದಣಿ ಕಾರ್ಡು, ಜನನದ ದಾಖಲೆ, ಹಳೆಯ ಕಾಗದ ಒಂದನ್ನೂ ಎಸೆಯಬಾರದು. 2024ರಿಂದ ಐದು ವರ್ಷಕ್ಕೇ ಪೌರತ್ವಕ್ಕೆ ಅರ್ಜಿ ಹಾಕಬಹುದು, ಆದರೆ ಗುರುತು ಸಾಬೀತಾಗಬೇಕು. ಅವನಿಗೆ ಬಂದ ಪತ್ರಗಳಿದ್ದರೆ ಶನಿವಾರ ನಾನೇ ಬಂದು ಓದಿ ಹೇಳುತ್ತೇನೆ. ಅವನಿಗೆ ಯಾವ ಹೊತ್ತು ಅನುಕೂಲ, ಕೇಳಿ ತಿಳಿಸು.