ಮಟ್ಟು ಮೊದಲೋ, ಪದ ಮೊದಲೋ? ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

ಐರಿಷ್ ಭಾವಗೀತೆಗಳಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಯೋಜಕರು ಹಾಕಿದ ಸಂಗೀತದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪಿಲ್ಲ, ಆರಿಸಿಕೊಂಡ ವಿಷಯ ಒಳ್ಳೆಯದು. ಆದರೂ ಈಗಿರುವ ಹಾಗೆ ಅಚ್ಚಿಗೆ ಕಳಿಸಲಾರೆ. ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ಅವೆರಡನ್ನೇ ಹಿಡಿದು ಮಾತಾಡುತ್ತೇನೆ.

ನಿಮ್ಮ ಮೂರನೇ ವಾಕ್ಯ: “ಥಾಮಸ್ ಮೂರ್‌ನ ಕವಿತೆಗಳನ್ನು ಓದಿ ಕರಗಿಹೋದ ಬೀಥೋವನ್ ಅವಕ್ಕೆ ತನ್ನ ಸಂಗೀತದಿಂದ ಜೀವ ತುಂಬಿದ.” ಮೂರ್ ಐರಿಷ್ ಕವಿ ನಿಜ, ಆದರೆ ಓದಿ ಕರಗುವುದಕ್ಕೆ ಬೀಥೋವನ್ ಮುಂದೆ ಕವಿತೆಯೇ ಇರಲಿಲ್ಲ. ಎಡಿನ್‌ಬರೊದ ಜಾರ್ಜ್ ಥಾಮ್ಸನ್ ಎಂಬ ಪ್ರಕಾಶಕ ಬೀಥೋವನ್ ಇದ್ದ ವಿಯೆನ್ನಾಕ್ಕೆ ಬರೀ ಮಟ್ಟುಗಳನ್ನು ಕಳಿಸುತ್ತಿದ್ದ. ಅವಕ್ಕೆ ಪಿಯಾನೊ, ವಯಲಿನ್, ಚೆಲ್ಲೊಗಳ ಹಿಮ್ಮೇಳ ಬರೆಯಬೇಕು, ಹಾಡಿನ ಮೊದಲು ಒಂದು ಪೀಠಿಕೆ, ಕೊನೆಗೆ ಒಂದು ಮುಕ್ತಾಯ ಸೇರಿಸಬೇಕು, ಹಾಡಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳಬೇಕು. ಪದ ಕಳಿಸಿ ಎಂದು ಬೀಥೋವನ್ ಕೇಳಿದ್ದೂ ಉಂಟು. ಬಹುಪಾಲು ಹಾಡುಗಳಿಗೆ ಪದ ಜೋಡಿಸಿದ್ದು ಆಮೇಲೆ, ಎಡಿನ್‌ಬರೊದಲ್ಲಿ. ಹಿಮ್ಮೇಳ ಕಷ್ಟವಾಯಿತು, ಸರಳ ಮಾಡಿಕೊಡಿ ಎಂದು ಥಾಮ್ಸನ್ ಬರೆದಾಗ, ಒಮ್ಮೆ ಬರೆದದ್ದನ್ನು ತಿದ್ದುವ ಅಭ್ಯಾಸ ತನಗಿಲ್ಲ ಎಂದು 1813ರಲ್ಲಿ ಉತ್ತರ ಹೋಯಿತು.

ಇನ್ನು ಆ ಪದಗಳು ಯಾರವು? 1814ರಲ್ಲಿ ಬಂದ ‘25 ಐರಿಷ್ ಹಾಡುಗಳು’ ತೆಗೆದು ನೋಡಿ. ಮೊದಲ ಹಾಡು ‘ರಿಟರ್ನ್ ಟು ಅಲ್ಸ್ಟರ್’. ಬರೆದವನು ವಾಲ್ಟರ್ ಸ್ಕಾಟ್, ಸ್ಕಾಟ್ಲೆಂಡಿನವನು. ಮುಂದೆ ಜೊಆನಾ ಬೇಲಿ ಬರುತ್ತಾಳೆ, ಅವಳೂ ಸ್ಕಾಟ್ಲೆಂಡಿನವಳು. ‘ಪಲ್ಸ್ ಆಫ್ ಆ್ಯನ್ ಐರಿಷ್‌ಮನ್’ ಎಂಬ ಹೆಸರಲ್ಲಿ ಇನ್ನೊಂದು ಐರಿಷ್ ಸಂಕಲನದಲ್ಲಿ ಬಂದ ಹಾಡನ್ನು ಬರೆದ ಅಲೆಕ್ಸಾಂಡರ್ ಬಾಸ್ವೆಲ್ ಕೂಡ ಅಲ್ಲಿಯವನೇ. ಅಂದರೆ ಮಟ್ಟು ಐರ್ಲೆಂಡಿನದು, ಹಿಮ್ಮೇಳ ವಿಯೆನ್ನಾದ್ದು, ಪದ ಹೆಚ್ಚಾಗಿ ಬ್ರಿಟನ್ನಿನದು. ಇದನ್ನು “ಐರಿಷ್ ಕಾವ್ಯಕ್ಕೆ ಬೀಥೋವನ್ ಸಲ್ಲಿಸಿದ ಗೌರವ” ಎಂದು ಕರೆದಿದ್ದೀರಿ. ಮೂರ್ ಆಗ ಜೇಮ್ಸ್ ಪವರ್ ಎಂಬ ಬೇರೊಬ್ಬ ಪ್ರಕಾಶಕನಿಗೆ ವರ್ಷಕ್ಕೆ 500 ಪೌಂಡ್ ಕರಾರಿನ ಮೇಲೆ ಬರೆಯುತ್ತಿದ್ದ. ಥಾಮ್ಸನ್‌ಗೂ ಅವನಿಗೂ ಈ ವ್ಯವಹಾರದಲ್ಲಿ ಸಂಬಂಧವಿಲ್ಲ.

ಮುಂದಿನ ಪ್ಯಾರಾ: “ಮೂರ್‌ನ ‘ಲಾಸ್ಟ್ ರೋಸ್ ಆಫ್ ಸಮರ್’ ಕವಿತೆಗೆ ಅದರ ನೋವಿಗೆ ತಕ್ಕ ಮಟ್ಟು ದೊರಕಿತು.” ಇಲ್ಲೂ ಹಿಂದುಮುಂದು. ಮಟ್ಟು ಮೊದಲೇ ಇತ್ತು, ‘ಗ್ರೋವ್ಸ್ ಆಫ್ ಬ್ಲಾರ್ನಿ’ ಎಂಬ ತಮಾಷೆಯ ಹಾಡಿನ ಹೆಸರಲ್ಲಿ ಓಡಾಡಿಕೊಂಡಿತ್ತು. ಮೂರ್ ಅದಕ್ಕೆ ಪದ ಕೂರಿಸಿದ. 1808ರಿಂದ 1834ರವರೆಗೆ ಹತ್ತು ಕಂತುಗಳಲ್ಲಿ ಬಂದ ‘ಐರಿಷ್ ಮೆಲೊಡೀಸ್’ ಪೂರ್ತಿ ಹೀಗೇ ಆದದ್ದು. ಮಟ್ಟುಗಳಲ್ಲಿ ಬಹಳಷ್ಟು ಎಡ್ವರ್ಡ್ ಬಂಟಿಂಗ್ ಸಂಗ್ರಹದವು. 1792ರ ಬೆಲ್‌ಫಾಸ್ಟ್ ಹಾರ್ಪ್ ಉತ್ಸವದಲ್ಲಿ ಮುದುಕ ವಾದಕರು ನುಡಿಸಿದ್ದನ್ನು ಕೂತು ಬರೆದುಕೊಂಡವನು ಅವನು. ಮೊದಲ ಕಂತುಗಳ ಹಿಮ್ಮೇಳ ಡಬ್ಲಿನ್ನಿನ ಜಾನ್ ಸ್ಟೀವನ್ಸನ್‌ದು.

ನೀವು ಎಲ್ಲಿ ಜಾರಿದಿರಿ ಎಂದು ಊಹಿಸಬಲ್ಲೆ. ನಮ್ಮ ಸುಗಮ ಸಂಗೀತದಲ್ಲಿ ಕವನ ಮೊದಲು ಪುಸ್ತಕದಲ್ಲಿ ಬರುತ್ತದೆ, ಎಷ್ಟೋ ವರ್ಷದ ಮೇಲೆ ಒಬ್ಬ ಅನಂತಸ್ವಾಮಿಯೋ ಅಶ್ವತ್ಥರೋ ಅದಕ್ಕೆ ರಾಗ ಹಾಕುತ್ತಾರೆ. ಅದೇ ಕ್ರಮ ಎಲ್ಲೆಡೆ ಇರಬೇಕು ಅಂದುಕೊಂಡಿರಿ. ಮೂರ್‌ನದು ನಮ್ಮ ಸಿನಿಮಾ ಸಾಹಿತಿಗಳ ದಾರಿ: ಟ್ಯೂನಿಗೆ ಬರೆಯುವುದು.

ಇದರಿಂದ ಓದುಗನಿಗೇನು ಎಂದು ಕೇಳಬಹುದು. ‘ಲಾಸ್ಟ್ ರೋಸ್’ ಮಟ್ಟಿನ ರಚನೆ ನೋಡಿ: ಒಂದು ಸ್ವರಸಾಲು, ಅದೇ ಮತ್ತೊಮ್ಮೆ, ಆಮೇಲೆ ಮೇಲಕ್ಕೇರುವ ಬೇರೊಂದು, ಕೊನೆಗೆ ಮತ್ತೆ ಮೊದಲನೆಯದು. ಮೂರ್ ಬರೆದ ಚರಣಕ್ಕೆ ಎಂಟು ಸಾಲು, ಪ್ರತಿ ಎರಡು ಸಾಲಿಗೆ ಒಂದು ಸ್ವರಸಾಲು. ಹಾಗಾಗಿ ಮೂರೂ ಚರಣಗಳಲ್ಲಿ ಐದು-ಆರನೇ ಸಾಲಿಗೆ ದನಿ ಏರಲೇಬೇಕು. ಆ ಜಾಗದಲ್ಲಿ ಅವನು ಏನಿಟ್ಟ? ಮೊದಲ ಚರಣದಲ್ಲಿ, ಬಂಧುಬಳಗದ ಒಂದು ಹೂವೂ ಹತ್ತಿರವಿಲ್ಲ ಎಂಬುದು. ಎರಡನೆಯದರಲ್ಲಿ, ನಿನ್ನ ಎಸಳುಗಳನ್ನು ಅಕ್ಕರೆಯಿಂದ ಚೆಲ್ಲುತ್ತೇನೆ ಎಂಬುದು. ಮೂರನೆಯದರಲ್ಲಿ, ನಿಜ ಮನಸ್ಸಿನವರು ಬಾಡಿಹೋದರು ಎಂಬುದು. ಕವಿತೆಯ ಮೂರು ಮುಖ್ಯ ಮಾತುಗಳೂ ಒಂದೇ ಏರಿನ ಮೇಲೆ ಕೂತಿವೆ. ಮಟ್ಟು ಮೊದಲು ಎಂದು ತಿಳಿದವನಿಗೆ ಮಾತ್ರ ಈ ಕಸುಬು ಕಾಣುತ್ತದೆ. ನೀವು ಇದನ್ನು “ಹೃದಯ ತುಂಬಿ ಬರುವ ಸಾಲುಗಳು” ಎಂದು ಹೇಳಿ ದಾಟಿಬಿಟ್ಟಿದ್ದೀರಿ. ಬೀಥೋವನ್ ಕೂಡ ಇದೇ ಮಟ್ಟಿಗೆ ಹಿಮ್ಮೇಳ ಬರೆದಿದ್ದಾನೆ. ಅದಕ್ಕೆ ಥಾಮ್ಸನ್ ಅಂಟಿಸಿದ ಪದ ವಿಲಿಯಂ ಸ್ಮಿತ್ ಎಂಬ ಇಂಗ್ಲೆಂಡಿನ ಪ್ರೊಫೆಸರರದು, ಅದರಲ್ಲಿ ಗುಲಾಬಿಯ ಸುದ್ದಿಯೇ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದಿದ್ದರೆ ನಿಮ್ಮ ಲೇಖನದ ಅರ್ಧ ಕೆಲಸ ಮುಗಿಯುತ್ತಿತ್ತು.

“ಬೆರ್ಲಿಯೋಜ್ ಸಹ ಇದೇ ಜನಪದ ಧಾಟಿಗಳನ್ನು ಫ್ರಾನ್ಸಿಗೆ ಒಯ್ದ.” ಇಲ್ಲ. ಬೆರ್ಲಿಯೋಜ್ ಒಯ್ದದ್ದು ಮೂರ್‌ನ ಪದಗಳನ್ನು, ಅದೂ ಫ್ರೆಂಚ್ ಅನುವಾದದಲ್ಲಿ. ಹೆಚ್ಚಿನವು ತೋಮಾ ಗೂನೆಯ ಅನುವಾದ. ಸಂಗೀತ ಪೂರ್ತಿ ಅವನದೇ. 1830ರಲ್ಲಿ ಒಂಬತ್ತು ಹಾಡು ಅಚ್ಚಾದವು, ಮುಂದೆ ‘ಇರ್ಲಾಂದ್’ ಎಂಬ ಹೆಸರಾಯಿತು. ಕೊನೆಯದಕ್ಕೆ ‘ಗದ್ಯದಲ್ಲಿ ಶೋಕಗೀತೆ’ ಎಂಬ ಶೀರ್ಷಿಕೆ: ಅನುವಾದ ಗದ್ಯ, ಸಾಲುಗಳ ಅಳತೆ ಸಮವಿಲ್ಲ, ಹಾಗಾಗಿ ಒಂದೇ ಸ್ವರಸಾಲನ್ನು ಚರಣಚರಣಕ್ಕೂ ತಿರುಗಿಸಿ ಹಾಡುವ ದಾರಿ ಅಲ್ಲಿ ಮುಚ್ಚಿತ್ತು. 1803ರಲ್ಲಿ ಗಲ್ಲಿಗೇರಿದ ಐರಿಷ್ ಬಂಡಾಯಗಾರ ರಾಬರ್ಟ್ ಎಮ್ಮೆಟ್‌ನನ್ನು ನೆನೆದು ಮೂರ್ ಬರೆದ ಇನ್ನೊಂದು ಕವಿತೆಯನ್ನು 1874ರಲ್ಲಿ ಫ್ರೆಂಚ್ ಸಂಯೋಜಕ ದ್ಯುಪಾರ್ಕ್ ಎತ್ತಿಕೊಂಡದ್ದೂ ಫ್ರೆಂಚ್ ಗದ್ಯದಲ್ಲೇ. ಮೂರ್ ಯಾವ ಮಟ್ಟಿಗೆ ಮೈ ಬಗ್ಗಿಸಿ ಬರೆದನೋ ಆ ಮಟ್ಟೇ ಇಲ್ಲಿ ಕಳಚಿಬಿದ್ದಿದೆ. ಲೇಖನದಲ್ಲಿ ಹೇಳಬೇಕಾದ ಸಂಗತಿ ಇದು.

ಎರಡನೇ ದೋಷ ಛಂದಸ್ಸಿನದು. ‘ಟಿಸ್ ದ ಲಾಸ್ಟ್ ರೋಸ್ ಆಫ್ ಸಮರ್’ ಎಂಬ ಸಾಲಿಗೆ ನೀವು ಲಘು-ಗುರು ಹಾಕಿ, “ಗುರುಗಳ ಮೇಲೆ ಸಂಗೀತ ನಿಲ್ಲುತ್ತದೆ” ಎಂದಿದ್ದೀರಿ. ನಿಮ್ಮ ಗುರುತಿನಲ್ಲೇ ಪರೀಕ್ಷಿಸಿ. ‘ರೋಸ್’ ಗುರು. ‘ಸಮರ್’ ಪದದಲ್ಲಿ ‘ಸ’ ಲಘು, ‘ಮರ್’ ಗುರು. ಮಟ್ಟು ಮೂರರ ಎಣಿಕೆಯದು. ‘ಟಿಸ್ ದ’ ಎತ್ತುಗಡೆ. ಮೊದಲ ಪೆಟ್ಟು ‘ಲಾಸ್ಟ್’ ಮೇಲೆ ಬೀಳುತ್ತದೆ, ನೀವು ಗುರು ಎಂದ ‘ರೋಸ್’ ಪೆಟ್ಟಿಲ್ಲದ ಜಾಗದಲ್ಲಿ ಸರಿದುಹೋಗುತ್ತದೆ. ಮುಂದಿನ ಪೆಟ್ಟು ನೀವು ಲಘು ಎಂದ ‘ಸ’ ಮೇಲೆ. ಗುರು ಎಂದ ‘ಮರ್’ ಮತ್ತೆ ಪೆಟ್ಟಿಲ್ಲದ ಕಡೆ. ಇಂಗ್ಲಿಷಿನಲ್ಲಿ ಸಾಲು ನಡೆಯುವುದು ಒತ್ತಿನ ಮೇಲೆ, ಮಾತ್ರೆಯ ಮೇಲಲ್ಲ. ಪಂಪನಿಗೆ ಹಾಕುವ ಗೆರೆಗಳನ್ನು ಮೂರ್‌ಗೆ ಹಾಕಿದರೆ ಲೆಕ್ಕ ಹೀಗೆ ತಲೆಕೆಳಗಾಗುತ್ತದೆ.

ಇದೇ ತಪ್ಪು ಅಮೆರಿಕದ ಸಂಯೋಜಕ ಸ್ಯಾಮ್ಯುಯೆಲ್ ಬಾರ್ಬರ್ ಭಾಗದಲ್ಲಿ ಇನ್ನೂ ದೊಡ್ಡದಾಗಿದೆ. “‘ಹರ್ಮಿಟ್ ಸಾಂಗ್ಸ್’ನ ಹತ್ತು ಜನಪದ ಗೀತೆಗಳು ನಾಲ್ಕರ ತಾಳದಲ್ಲಿ ಸನ್ಯಾಸಿಯ ಶಾಂತಿಯನ್ನು ಹರಡುತ್ತವೆ.” ಜನಪದ ಗೀತೆಗಳಲ್ಲ: 8ರಿಂದ 13ನೇ ಶತಮಾನದ ನಡುವೆ ಐರಿಷ್ ಸನ್ಯಾಸಿಗಳು, ವಿದ್ವಾಂಸರು ಬರೆದಿಟ್ಟ ಪದ್ಯಗಳು, ಹಲವು ಹಸ್ತಪ್ರತಿಯ ಅಂಚಿನಲ್ಲಿ ಗೀಚಿದವು. ಇಂಗ್ಲಿಷಿಗೆ ತಂದವರಲ್ಲಿ ಕವಿ ಆಡೆನ್ ಇದ್ದಾನೆ, ಕೆನೆತ್ ಜ್ಯಾಕ್ಸನ್ ಇದ್ದಾನೆ, ಶಾನ್ ಓ ಫೇಲಾನ್ ಇದ್ದಾನೆ. ನಾಲ್ಕರ ತಾಳವಂತೂ ಇಲ್ಲವೇ ಇಲ್ಲ, ಬಾರ್ಬರ್ ಈ ಹಾಡುಗಳಿಗೆ ತಾಳದ ಅಂಕಿಯನ್ನೇ ಬರೆದಿಲ್ಲ. ಮಾತಿನ ಒತ್ತು ಎಲ್ಲಿ ಬೀಳುತ್ತದೋ ಅಲ್ಲಿಗೆ ಗುಂಪು ಒಡೆಯುತ್ತದೆ, ಒಂದು ಗುಂಪಿನಲ್ಲಿ ಇಷ್ಟು ಸ್ವರ, ಮುಂದಿನದರಲ್ಲಿ ಬೇರೆ. ಸ್ಕೋರಿನ, ಅಂದರೆ ಅಚ್ಚಾದ ಸ್ವರಲಿಪಿಯ, ಮೊದಲ ಪುಟ ತೆರೆದಿದ್ದರೂ ಇದು ಕಣ್ಣಿಗೆ ಬೀಳುತ್ತಿತ್ತು. ಶಾಂತಿ ಎಂದಿರಲ್ಲ, ಆರನೇ ಹಾಡು ‘ಸೀ ಸ್ನ್ಯಾಚ್’ ಕಡಲು ಜನರನ್ನು ನುಂಗುವ ಭರಾಟೆ. ‘ಪ್ರಾಮಿಸ್ಕ್ಯುಯಿಟಿ’ ಎಡನ್ ಎಂಬ ವ್ಯಕ್ತಿ ಯಾರ ಜೊತೆ ಮಲಗಬಹುದು ಎಂಬ ಊರಮಾತು, ಒಂದು ನಿಮಿಷದೊಳಗೆ ಮುಗಿಯುತ್ತದೆ.

ಇದೇ ಗುಚ್ಛದ ಬೆಕ್ಕಿನ ಹಾಡಿನ ಬಗ್ಗೆ ನೀವು ಬರೆದ ಪ್ಯಾರಾ ಮಾತ್ರ ಇಷ್ಟವಾಯಿತು, ಅದನ್ನು ಉಳಿಸಿ. ಜೊತೆಗೆ ಇಷ್ಟು ಸೇರಿಸಿ: ಮೂಲ ‘ಪಾಂಗುರ್ ಬಾನ್’ 9ನೇ ಶತಮಾನದ್ದು, ನಾಲ್ಕು ಸಾಲಿನ ಎಂಟು ಪದ್ಯ, ಹಸ್ತಪ್ರತಿ ಇಂದು ಆಸ್ಟ್ರಿಯಾದ ಸೇಂಟ್ ಪಾಲ್ ಮಠದಲ್ಲಿದೆ. ಬಾರ್ಬರ್ ಬಳಸಿದ್ದು ಆಡೆನ್‌ನ ಅನುವಾದ. ಪಿಯಾನೊದಲ್ಲಿ ಅಕ್ಕಪಕ್ಕದ ಎರಡು ಸ್ವರ ಒಟ್ಟಿಗೆ ತಾಕುತ್ತಲೇ ಇರುತ್ತವೆ, ಬೆಕ್ಕು ಕೀಲಿಮಣೆಯ ಮೇಲೆ ಓಡಾಡಿದ ಹಾಗೆ. ಇಡೀ ಗುಚ್ಛದ ಮೊದಲ ಪ್ರದರ್ಶನ 1953ರ ಅಕ್ಟೋಬರ್ 30ರಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ, ಹಾಡಿದವಳು ಲಿಯೊಂಟೀನ್ ಪ್ರೈಸ್, ಪಿಯಾನೊಕ್ಕೆ ಕೂತವನು ಸ್ವತಃ ಬಾರ್ಬರ್. ನಿಮ್ಮ ಲೇಖನದಲ್ಲಿ ಈ ದಿನಾಂಕ ಬಿಟ್ಟುಹೋಗಿದೆ, “ಕಳೆದ ಶತಮಾನದಲ್ಲಿ” ಎಂದಷ್ಟೇ ಇದೆ.

ನಾನು ಈ ಕೆಲಸ ಕಲಿತ ಮೇಜಿನಲ್ಲಿ ಒಂದು ಪದ್ಧತಿ ಇತ್ತು. ಹಾಡಿನ ಬಗ್ಗೆ ಒಂದು ವಾಕ್ಯ ಬರೆಯುವ ಮೊದಲು ಹಾಳೆಯಲ್ಲಿ ನಾಲ್ಕು ಕಂಬ ಎಳೆಯಬೇಕು: ಪದ ಯಾರದು, ಯಾವ ವರ್ಷ; ಮಟ್ಟು ಯಾರದು, ಯಾವ ವರ್ಷ; ಹಿಮ್ಮೇಳ ಯಾರದು; ಸಂಯೋಜಕನ ಕೈಗೆ ಪದ ಯಾವ ಭಾಷೆಯಲ್ಲಿ ಸಿಕ್ಕಿತು. ಒಂದು ಕಂಬ ಖಾಲಿ ಇದ್ದರೂ ಹಿರಿಯರು ಲೇಖನ ಮುಟ್ಟುತ್ತಿರಲಿಲ್ಲ. “ಭಾವ ಹೊಮ್ಮಿದೆ” ಎಂಬ ಮಾತು ಕಂಡಲ್ಲಿ ಕೆಂಪು ಶಾಯಿಯಲ್ಲಿ ‘ಎಲ್ಲಿ?’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ನಿಮ್ಮ ಲೇಖನದ ಅಂಚಿನಲ್ಲಿ ಅದೇ ಪ್ರಶ್ನೆ ಹಲವು ಕಡೆ ಕಾಣುತ್ತದೆ, ಶಾಯಿ ಮಾತ್ರ ನೀಲಿ.

ಐರಿಷ್ ಕವಿ ಯೇಟ್ಸ್ ಭಾಗಕ್ಕೆ ಈ ಹಾಳೆ ಹಾಕಿ ನೋಡಿ. ‘ಸ್ಯಾಲಿ ಗಾರ್ಡನ್ಸ್’ ಪದ 1889ರದು, ಸ್ಲೈಗೊ ಕಡೆಯ ಮುದುಕಿಯೊಬ್ಬಳು ಅರೆಬರೆ ನೆನಪಿಟ್ಟಿದ್ದ ಮೂರು ಸಾಲಿನಿಂದ ಕಟ್ಟಿದ್ದು ಎಂದು ಯೇಟ್ಸ್ ತಾನೇ ಹೇಳಿದ್ದಾನೆ. ಇಂದು ಎಲ್ಲರೂ ಹಾಡುವ ಮಟ್ಟನ್ನು ಹರ್ಬರ್ಟ್ ಹ್ಯೂಸ್ 1909ರಲ್ಲಿ ಜೋಡಿಸಿದ, ಅದು ‘ಮೇಡ್ಸ್ ಆಫ್ ಮೋರ್ನ್ ಶೋರ್’ ಎಂಬ ಹಳೆಯ ಧಾಟಿ. ಸಂಯೋಜಕ ಬೆಂಜಮಿನ್ ಬ್ರಿಟನ್ 1943ರಲ್ಲಿ ಪ್ರಕಟಿಸಿದ್ದು ಅದೇ ಧಾಟಿಗೆ ಹೊಸ ಹಿಮ್ಮೇಳ. ರೆಬೆಕಾ ಕ್ಲಾರ್ಕ್ ಮತ್ತು ಜಾನ್ ಐರ್ಲೆಂಡ್ ಹಾಗಲ್ಲ, ಇಬ್ಬರೂ ಪದವನ್ನಷ್ಟೇ ತೆಗೆದುಕೊಂಡು ತಮ್ಮದೇ ಮಟ್ಟು ಕಟ್ಟಿದರು. ನೀವು ನಾಲ್ವರನ್ನೂ ಒಂದೇ ವಾಕ್ಯದಲ್ಲಿ “ಸಂಗೀತ ಸಂಯೋಜಿಸಿದರು” ಎಂದು ಸೇರಿಸಿದ್ದೀರಿ, ಬೇರೆ ಬೇರೆ ಮಾಡಿ. ಇಂಗ್ಲಿಷ್ ಸಂಯೋಜಕ ವಾರ್ಲಾಕ್‌ನ ‘ಕರ್ಲ್ಯೂ’ ಅಂತೂ ಮೂರನೇ ಜಾತಿ: ಯೇಟ್ಸ್‌ನ ನಾಲ್ಕು ಕವಿತೆ, ಒಬ್ಬ ಟೆನರ್, ಕೊಳಲು, ಕೋರ್ ಆಂಗ್ಲೆ ಎಂಬ ಊದುವಾದ್ಯ, ನಾಲ್ಕು ತಂತಿವಾದ್ಯ. ಹಾಡುಗಾರ ಬಾಯಿ ತೆರೆಯುವ ಮೊದಲು ವಾದ್ಯಗಳೇ ಬಹಳ ಹೊತ್ತು ನುಡಿಯುತ್ತವೆ.

ಮತ್ತೆ ಬರೆಯುವಾಗ ಮೂರ್, ಬಾರ್ಬರ್, ‘ಸ್ಯಾಲಿ ಗಾರ್ಡನ್ಸ್’ ಈ ಮೂರನ್ನೇ ಇಟ್ಟುಕೊಳ್ಳಿ, 1500 ಪದ ಸಾಕು. ಮೂರ್ ಮತ್ತು ಬೀಥೋವನ್ ಸ್ಕೋರುಗಳು ಐಎಂಎಸ್‌ಎಲ್‌ಪಿ ತಾಣದಲ್ಲಿ ಬಿಟ್ಟಿ ಸಿಗುತ್ತವೆ. ಬಾರ್ಬರ್‌ನದು ಕೊಳ್ಳಬೇಕು ಅಥವಾ ಸಂಗೀತ ಶಾಲೆಯ ಗ್ರಂಥಾಲಯದಲ್ಲಿ ಕೂತು ನೋಡಬೇಕು. ಕೇಳುವಾಗ ಒಂದೇ ಧ್ವನಿಮುದ್ರಣ ನೆಚ್ಚಬೇಡಿ, ಹಾಡುಗಾರರು ತಮ್ಮ ದನಿಗೆ ತಕ್ಕಂತೆ ಶ್ರುತಿ ಬದಲಿಸಿ ಹಾಡುತ್ತಾರೆ, ಎರಡು ಮುದ್ರಣ ಹೋಲಿಸದೆ “ತಾರಕಕ್ಕೆ ಏರಿದೆ” ಎಂದು ಬರೆಯಬಾರದು. 1912ರ ಗೀತಾಂಜಲಿಗೆ ಯೇಟ್ಸ್ ಮುನ್ನುಡಿ ಬರೆದ ವಿಷಯಕ್ಕೆ ನೀವು ಕೊಟ್ಟಿರುವ ಒಂದೂವರೆ ಪುಟವನ್ನು ಪೂರ್ತಿ ತೆಗೆಯಿರಿ. ಅಲ್ಲಿ ಒಂದು ಸ್ವರದ ಸುದ್ದಿಯೂ ಇಲ್ಲ.

ಹಸ್ತಪ್ರತಿ ಹಿಂದಕ್ಕೆ ಕಳಿಸಿದ್ದೇನೆ. ನಾಲ್ಕು ಕಂಬದ ಹಾಳೆಯನ್ನೂ ಲೇಖನದ ಜೊತೆಗೇ ಕಳಿಸಿ, ನಾನು ಮೊದಲು ಓದುವುದು ಅದನ್ನೇ.

— ಸಂಪಾದಕ