ಮಾವನವರಿಗೆ ಬೇರೆ ಪಾಲಿಸಿಯೇ ಒಳ್ಳೆಯದು

ಯಜಮಾನರ ಕಂಪನಿಯ 5 ಲಕ್ಷದ ಆರೋಗ್ಯ ವಿಮೆ (ಕವರ್) ಇದೆ, ಆದರೂ ನೀವಿಬ್ಬರು, ಇಬ್ಬರು ಮಕ್ಕಳು, ಶುಗರ್ ಇರುವ 64ರ ಮಾವ ಎಲ್ಲರೂ ಸೇರಿ 10 ಲಕ್ಷದ ಒಂದೇ ಫ್ಲೋಟರ್ (ಒಂದೇ ಮೊತ್ತವನ್ನು ಮನೆಯವರೆಲ್ಲ ಹಂಚಿಕೊಳ್ಳುವ ಪಾಲಿಸಿ) ತಗೊಳ್ಳಬಹುದಾ ಅಂತ ಕೇಳಿದ್ದೀರಿ. ನಾನಾದರೆ ಮಾವನವರಿಗೆ ಬೇರೆ ಮಾಡಿಸುತ್ತೇನೆ.

ಫ್ಲೋಟರ್‌ನಲ್ಲಿ ಪ್ರೀಮಿಯಂ ಲೆಕ್ಕ ಹಾಕುವುದು ಸಾಮಾನ್ಯವಾಗಿ ಮನೆಯ ಹಿರಿಯರ ವಯಸ್ಸಿನ ಮೇಲೆ. ಅವರನ್ನು ಸೇರಿಸಿದರೆ ನಿಮ್ಮೆಲ್ಲರ ದುಡ್ಡೂ ಏರುತ್ತದೆ. ಅವರದೊಂದು ದೊಡ್ಡ ಆಪರೇಷನ್ ಆದರೆ ಆ ವರ್ಷ ಮಕ್ಕಳಿಗೆ ಉಳಿಯುವುದು ಎಷ್ಟು ಹೇಳಿ?

ಕಂಪನಿಯ ಕವರ್ ಕೆಲಸ ಬಿಟ್ಟ ದಿನವೇ ಹೋಗಬಹುದು, ಹಾಗಾಗಿ ನಿಮ್ಮದೇ ಒಂದು ಬೇಕೇ ಬೇಕು. ಈಗಲೇ ಮಾಡಿಸಿದರೆ ವೇಟಿಂಗ್ ಪೀರಿಯಡ್ (ಕೆಲವು ಕಾಯಿಲೆಗಳಿಗೆ ಕ್ಲೇಮ್ ಸಿಗದ ಮೊದಲ ಅವಧಿ) ಸುಮ್ನೆ ಕಳೆಯುತ್ತಾ ಹೋಗುತ್ತದೆ. ಮೊದಲೇ ಇರುವ ಕಾಯಿಲೆಗೆ ಈಗ ಹೆಚ್ಚೆಂದರೆ 3 ವರ್ಷ. ಮಾವನವರ ಶುಗರ್ ವಿಷಯ ಮಾತ್ರ ಫಾರ್ಮ್‌ನಲ್ಲಿ ಬರೆಯಲೇಬೇಕು. ‘ಬೇಡ ಬಿಡಿ ಮೇಡಂ’ ಅನ್ನುವ ಏಜೆಂಟ್ ಕ್ಲೇಮ್ ದಿನ ಫೋನ್ ಎತ್ತುವುದಿಲ್ಲ!

ಎಲ್ಲಕ್ಕಿಂತ ಜಾಸ್ತಿ ನೋಡಬೇಕಾದ್ದು ರೂಮ್ ಬಾಡಿಗೆಯ ಮಿತಿ. ಮಿತಿ ದಿನಕ್ಕೆ 5,000 ಇದ್ದು ನೀವು 10,000ದ ರೂಮ್ ಹಿಡಿದರೆ, ಬಾಡಿಗೆ ಒಂದೇ ಅಲ್ಲ, ಡಾಕ್ಟರ್ ಫೀಸು, ಓಟಿ ಚಾರ್ಜುಗಳಲ್ಲೂ ಅರ್ಧ ಕತ್ತರಿಸಬಹುದು. ಮಿತಿ ಇಲ್ಲದ ಪಾಲಿಸಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಅಂದಹಾಗೆ, ಮಾವನವರಿಗೆ 70 ತುಂಬಿದಾಗ ಆಯುಷ್ಮಾನ್ ಭಾರತ್ ಕಾರ್ಡ್ ವಿಚಾರಿಸಿ. 2024ರಿಂದ ಆ ವಯಸ್ಸಿನವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತಾರೆ.